ಕಾಯಂ ಅತಿಥಿ ಖಾತುನಬಿ

ಒಳ್ಳೆಯ ಕೆಲಸ ಮಾಡಲು ಹೊರಟವರನ್ನು ಕಂಡರೆ ಈಚೆಗೆ ನನ್ನ ಎದೆ ಧಸಕ್ಕೆನ್ನುತ್ತದೆ. ಕಳ್ಳರು ಬಂದರೆ ಬಾಗಿಲು ಹಾಕಿಕೊಳ್ಳಬಹುದು. ಉಪಕಾರ ಮಾಡುವವರು ಬಂದರೆ ಏನು ಹಾಕಿಕೊಳ್ಳುವುದು? ಆ ಗುಂಪಿನಲ್ಲಿ ಎಲ್ಲರಿಗಿಂತ ಮುಂದೆ ನಿಂತವಳು ನಾನೇ, ಆದ್ದರಿಂದ ಈ ಮಾತು ಹೇಳುವ ಅಧಿಕಾರ ನನಗಿದೆ.

ಇಂಡಿಯಿಂದ ಸಿಂದಗಿಗೆ ಹೋಗುವ ದಾರಿಯಲ್ಲಿ ನಮ್ಮೂರು. ಬಸ್ಸು ನಿಲ್ಲುವುದು ಬಿಡುವುದು ಡ್ರೈವರನ ಮನಸ್ಸು. ಊರಲ್ಲಿ ನಮ್ಮದೊಂದು ಚರ್ಚು, ಹೆಸರು ಕೃಪಾ ದೇವಾಲಯ. ಹನ್ನೊಂದು ಮನೆಯ ಸಭೆ, ಅದಕ್ಕೆ ಏಳು ಮಂದಿ ಪದಾಧಿಕಾರಿಗಳು. ನಾನು ವಿದ್ಯಾವತಿ, ಸಭೆಯ ಕಾರ್ಯದರ್ಶಿ. ಮೂವತ್ತನಾಲ್ಕು ವರ್ಷ ಸರ್ಕಾರಿ ಶಾಲೆಯಲ್ಲಿ ಮಕ್ಕಳ ಕಿವಿ ಹಿಂಡಿ ನಿವೃತ್ತಳಾದವಳು. ಊರವರಿಗೆ ಇವತ್ತಿಗೂ ನಾನು ಅಕ್ಕೋರು.

ಚರ್ಚಿನ ಪಕ್ಕದ ಗೋಡೆಗೆ ಹೊಂದಿಕೊಂಡು ಖಾತುನಬಿಯ ಮನೆ. ಗಂಡ ತೀರಿ ಹೋಗಿ ಬಹಳ ವರ್ಷವಾಯಿತು, ಮಗಳನ್ನು ಮುದ್ದೇಬಿಹಾಳಕ್ಕೆ ಕೊಟ್ಟಿದ್ದಾಳೆ. ಊರವರ ಹಳೆಯ ಸೀರೆಗಳನ್ನು ಸೇರಿಸಿ ಕೌದಿ ಹೊಲಿದು ಬದುಕುತ್ತಾಳೆ. ನಮ್ಮ ಹನ್ನೊಂದು ಮನೆಯಲ್ಲಿ ಅವಳ ಕೌದಿ ಹೊದೆಯದೆ ಬೆಳೆದ ಮಗುವಿಲ್ಲ. ಕ್ರಿಸ್‌ಮಸ್ಸಿಗೆ ನಮ್ಮ ಕರ್ಚಿಕಾಯಿ ಆ ಮನೆಗೆ, ರಂಜಾನಿಗೆ ಅವಳ ಸುರಕುಂಬಾ ನಮ್ಮ ಮನೆಗಳಿಗೆ. ಇಷ್ಟು ವರ್ಷ ಅದಕ್ಕೆ ನಾವು ಯಾವ ಹೆಸರನ್ನೂ ಇಟ್ಟಿರಲಿಲ್ಲ.

ಹೋದ ಸೆಪ್ಟೆಂಬರಿನಲ್ಲಿ ಜಡಿಮಳೆ ಹಿಡಿಯಿತು. ಆರನೆಯ ದಿನ ಬೆಳಿಗ್ಗೆ ಖಾತುನಬಿ ಕೊಡ ಹಿಡಿದು ನಳದ ಹತ್ತಿರ ನಿಂತಿದ್ದಾಗ ಅವಳ ಮಣ್ಣಿನ ಮಾಳಿಗೆ ಧೊಪ್ಪೆಂದು ಕೂತುಬಿಟ್ಟಿತು. ಮುಂದಿನ ಗೋಡೆ ಮತ್ತು ಬಾಗಿಲ ಚೌಕಟ್ಟು ಮಾತ್ರ ನಿಂತಿದ್ದವು. ಒಳಗೆ ಅರ್ಧ ಹೊಲಿದ ಎರಡು ಕೌದಿ, ಒಂದು ಟ್ರಂಕು, ಅವಳ ಸಂಸಾರವೆಲ್ಲ ಕೆಸರಿನಡಿ. ಆ ಗಳಿಗೆಯಲ್ಲಿ ನಮ್ಮೆಲ್ಲರ ದುಃಖವೂ ನಿಜವಾದದ್ದೇ. ಕೆಟ್ಟದ್ದು ಆಮೇಲೆ, ಸಭೆ ಸೇರಿದ ಮೇಲೆ.

ಮಸೀದಿಯವರು ತಮ್ಮ ಓಣಿಗೆ ಬಾ ಎಂದರು, ಮಠದವರು ದಾಸೋಹದ ಕೋಣೆ ಖಾಲಿ ಇದೆ ಎಂದರು. ನಮ್ಮ ಸಭೆಯ ಹಿರಿಯ ಪರಮಾನಂದರು ಛತ್ರಿ ಹಿಡಿದು ಓಡಿಹೋಗಿ, ಅವಳ ಕೈಯಲ್ಲಿದ್ದ ಕೊಡವನ್ನು ಕಸಿದುಕೊಂಡು, ನಮ್ಮ ಚರ್ಚಿನ ಹಾಲಿಗೆ ಕರೆತಂದೇಬಿಟ್ಟರು. ಪರಮಾನಂದರು ಬಸ್ ಡಿಪೋದಲ್ಲಿ ಕಂಟ್ರೋಲರ್ ಆಗಿ ನಿವೃತ್ತರಾದವರು. ಕಾಗದ, ಠಸ್ಸೆ, ಸಹಿ ಎಂದರೆ ಅವರಿಗೆ ಜೀವ.

"ನೋಡ್ರಿ ಅಕ್ಕೋರ, ಮೂರೂ ಕಡಿಂದ ಕರದ್ರೂ ಆಕಿ ನಮ್ಮಲ್ಲೇ ಬಂದ್ಲು," ಎಂದರು, ಕಬಡ್ಡಿಯಲ್ಲಿ ಗೆದ್ದವರ ಹಾಗೆ ಏದುಸಿರು ಬಿಡುತ್ತ.

"ಬಂದ್ಲೇನು? ನೀವು ಕೊಡಾ ಕಸಗೊಂಡ್ರಿ," ಎಂದೆ.

ಮಧ್ಯಾಹ್ನವೇ ಸಭೆ ಸೇರಿತು. ಊಟಕ್ಕೆ ಪಾಳಿ ಹಚ್ಚಿದೆವು: ದಿನಕ್ಕೆ ಒಂದು ಮನೆ, ಹನ್ನೊಂದು ದಿನ, ಮುಗಿದರೆ ಮತ್ತೆ ಮೊದಲ ಮನೆ. ಮಹಿಳಾ ಸಂಘದ ಜಯಮಾಲಾ ಅತಿಥಿಗೆ ನಿಯಮಗಳನ್ನು ಬರೆಸಿದಳು. ಅತಿಥಿ ಕಸಬರಿಗೆ ಮುಟ್ಟಬಾರದು. ಅತಿಥಿ ಸೂಜಿ ಹಿಡಿಯಬಾರದು. ಅತಿಥಿ ಮಳೆಯಲ್ಲಿ ಹೊರಗೆ ಹೋಗಬಾರದು. ಆಮೇಲೆ ಅವಳು ನಾವು ಮಾಡಿದ ಮಾಂಸದ ಅಡಿಗೆ ತಿನ್ನುತ್ತಾಳೋ ಇಲ್ಲವೋ ಎಂಬುದರ ಮೇಲೆ ಮುಕ್ಕಾಲು ತಾಸು ಚರ್ಚೆ. ಹತ್ತು ಹೆಜ್ಜೆ ಆಚೆ ಚಾಪೆಯ ಮೇಲೆ ಅವಳೇ ಕೂತಿದ್ದಳು. ಕೇಳಬೇಕೆಂದು ಒಬ್ಬರಿಗೂ ಹೊಳೆಯಲಿಲ್ಲ.

ಕೊನೆಗೆ ಅವಳೇ ಎದ್ದು ನನ್ನ ಹತ್ತಿರ ಬಂದಳು. "ಅಕ್ಕೋರ, ನಿಮ್ಮ ಪುಣ್ಯಾರೀ. ನನಗೊಂದು ಮಾತು ಹೇಳ್ರಿ. ಬಿದ್ದ ಮನಿ ಪಂಚನಾಮಾ ಮಾಡಾಕ ಕಂದಾಯದ ತಲಾಟಿ ಯಾವಾಗ ಬರ್ತಾನ? ಅವಾ ಬಂದಾಗ ನಾ ಅಲ್ಲಿ ಇರಬೇಕ್ರಿ. ಆ ಕಾಗದದಾಗ ಹೆಸರು ಬಿದ್ರ ಸರ್ಕಾರದ ಮನಿ ಸಿಗತೈತಿ. ಇಲ್ಲಂದ್ರ ಈ ಜನ್ಮದಾಗ ನನಗ ಇನ್ನೊಂದು ಮನಿ ಆಗಂಗಿಲ್ಲ."

"ತಲಾಟಿ ಬಂದ್ರ ನಾವss ಕರೀತೇವಿ, ನೀ ಆರಾಮಿರು," ಎಂದೆ. ಈ ಮಾತನ್ನು ಹೇಳಿದವಳು ನಾನೇ. ನೆನಪಿಡಿ.

ಮರುದಿನದಿಂದ ಉಪಚಾರ ಶುರುವಾಯಿತು. ಮೊದಲ ಪಾಳಿಯವರು ರೊಟ್ಟಿ, ಜುಣಕ ತಂದರು. ಎರಡನೆಯ ಪಾಳಿಯವರು ಅದನ್ನು ಕೇಳಿಕೊಂಡು ರೊಟ್ಟಿ, ಜುಣಕ, ಶೇಂಗಾ ಹೋಳಿಗೆ ತಂದರು. ಮೂರನೆಯ ಮನೆಯವರು ಪಾಳಿ ಮಧ್ಯಾಹ್ನದ್ದು ಮಾತ್ರ ಎಂದು ತಿಳಿದರು. ಅವತ್ತು ರಾತ್ರಿ ಅವಳು ನೀರು ಕುಡಿದು ಮಲಗಿದಳು, ಯಾರಿಗೂ ಹೇಳಲಿಲ್ಲ; ಪಾಳಿಯವರು ತಮ್ಮತಮ್ಮಲ್ಲಿ ಮಾತಾಡಿಕೊಂಡಾಗಲೇ ನಮಗೆ ಗೊತ್ತಾದದ್ದು. ಬೆಳಿಗ್ಗೆ ಎದ್ದು ಅವಳು ಬಿದ್ದ ಗೋಡೆಯ ಹತ್ತಿರ ಹೋಗಿ ಕಲ್ಲಿನ ಮೇಲೆ ಕೂತರೆ ಜಯಮಾಲಾ ಓಡುತ್ತಿದ್ದಳು.

"ಅವ್ವಾ, ಒಳಗ ನಡೀರಿ. ಮಂದಿ ನೋಡಿದ್ರ ಏನಂತಾರ? ಚರ್ಚಿನವ್ರು ಹೊರಗ ಹಾಕ್ಯಾರ ಅಂತಾರ."

"ತಲಾಟಿ ಬರ್ತಾನವಾ."

"ಬರ್ಲಿ ಬಿಡ್ರಿ. ನಾವೇನು ಕುರುಡರೇನು?"

ಪರಮಾನಂದರು ಅಷ್ಟರಲ್ಲಿ ವಿಜಯಪುರದ ದೊಡ್ಡ ಅಯ್ಯನವರಿಗೆ, ಅಂದರೆ ನಮ್ಮ ಚರ್ಚುಗಳ ಮೇಲಿನ ಹಿರಿಯ ಪಾದ್ರಿಗಳಿಗೆ, ವರದಿ ಕಳಿಸಿದ್ದರು. ನೆರೆಯವರಿಗೆ ಆಸರೆ ಕೊಟ್ಟ ಸಭೆಗೆ ಈ ವರ್ಷ 'ಆದರ್ಶ ಸಭೆ' ಎಂಬ ಗೌರವವಿದೆಯಂತೆ. ವರದಿ ಬರೆದದ್ದು ನನ್ನ ಅಕ್ಷರದಲ್ಲಿ. 'ಸಂತ್ರಸ್ತರಿಗೆ' ಎಂದು ಬಹುವಚನ ಹಾಕಿಸಿದರು. ಇರುವುದು ಒಬ್ಬಳಲ್ಲವೇ ಎಂದೆ. "ಗೌರವಕ್ಕ ಬಹುವಚನ ಹಾಕೂದಿಲ್ಲೇನ್ರಿ?" ಎಂದರು. ನಮ್ಮ ಪಾಸ್ಟರ್ ಅನಿಲ ಇನ್ನೂ ಹೊಸ ಹುಡುಗ, ಯಾರು ಏನೆಂದರೂ "ದೇವರ ಚಿತ್ತ" ಎಂದು ತಲೆಯಾಡಿಸುತ್ತಾನೆ. ಇದಕ್ಕೂ ಆಡಿಸಿದ.

ಐದನೆಯ ದಿನ ಪಾಳಿ ಜಯಮಾಲಾಳದು. ಗೋದಿ ಹುಗ್ಗಿ ಮಾಡಿದ್ದಳು, ಮೇಲೆ ಬೆರಳುದ್ದ ತುಪ್ಪ. ಹಿಂದಿನ ಕೋಣೆಯಲ್ಲಿ ಖಾತುನಬಿ ಎರಡು ತುತ್ತು ತಿಂದಿದ್ದಳಷ್ಟೇ, ಹೊರಗೆ ಮೋಟರ್ ಸೈಕಲ್ ನಿಂತಿತು. ತಲಾಟಿ ಕಲ್ಮೇಶ. ನಾಲ್ಕು ಊರಿನ ಬಿದ್ದ ಗೋಡೆಗಳನ್ನು ಅಳೆದು ಅಳೆದು ಹುಡುಗನ ಬೂಟಿನೊಳಗೆ ನೀರು ಪಚಪಚ ಎನ್ನುತ್ತಿತ್ತು.

ನಾನು ಅವಳನ್ನು ಕರೆಯಲು ಎದ್ದೆ. ಜಯಮಾಲಾ ನನ್ನ ಸೆರಗು ಜಗ್ಗಿದಳು. "ಅಕ್ಕೋರ, ತಾಟಿನ ಮುಂದ ಕುಂತಾಕಿನ್ನ ಎಬ್ಬಸ್ತಾರೇನ್ರಿ? ಪಾಪ ಬರೂದಿಲ್ಲ? ಉಣ್ಣಲಿ, ಅಂವಾ ಎಲ್ಲಿ ಹೋಗ್ತಾನ."

ಅದೂ ಹೌದು. ನಮ್ಮ ಕಡೆ ಹೆಣ ಬಂದರೂ ಉಣ್ಣಲು ಕೂತವರನ್ನು ಎಬ್ಬಿಸುವುದಿಲ್ಲ. ನಾನು ಕೂತೆ.

ಹೊರಗೆ ಪಡಸಾಲೆಯಲ್ಲಿ ಪರಮಾನಂದರು ಕಲ್ಮೇಶನಿಗೆ ಕುರ್ಚಿ ಹಾಕಿಸಿದರು, ಚಹಾ ತರಿಸಿದರು. ಅವನು ಕಾಗದ ತೆಗೆದು ಕೇಳಿದ: "ಈ ಬಾಜೂ ಮನ್ಯಾಗ ಯಾರು ಇರ್ತಾರ್ರಿ?"

"ಖಾತುನಬಿ. ಆದ್ರ ಆಕಿ ಈಗ ನಮ್ಮ ಅತಿಥಿ."

"ಅಂದ್ರ ಆ ಮನ್ಯಾಗ ಇರಂಗಿಲ್ಲೇನ್ರಿ?"

"ಯಾಕ ಇರ್ತಾಳ್ರಿ? ನಾವು ಸತ್ತೇವೇನು? ಊಟ, ಹಾಸ್ಗಿ, ವಸತಿ, ಎಲ್ಲಾ ಕಾಯಂ ವ್ಯವಸ್ಥಾ ಮಾಡೇವಿ. ಆಕಿಗೆ ಯಾತರ ಕೊರತಿನೂ ಇಲ್ಲ. ಬರಕೋರಿ. ಕೃಪಾ ದೇವಾಲಯ ಅಂತ ಪೂರ್ತಿ ಹೆಸರು ಬರಕೋರಿ. ಸರ್ಕಾರಕ್ಕೂ ಗೊತ್ತಾಗ್ಲಿ."

ಕಲ್ಮೇಶ ಬರೆದುಕೊಂಡ. ಅವನೇನು ಮಾಡಬೇಕು? ಹೇಳಿದ್ದನ್ನು ಬರೆಯುವುದೇ ಅವನ ಕೆಲಸ. ಪಂಚರೆಂದು ಐದು ಮಂದಿಯ ಸಾಕ್ಷಿ ಸಹಿ ಬೇಕು ಎಂದ. ಪರಮಾನಂದರು ಹುದ್ದೆ ಸಮೇತ ಸಹಿ ಹಾಕಿದರು. ಅನಿಲ ಹಾಕಿದ. ಜಯಮಾಲಾ ತುಪ್ಪದ ಕೈ ಒರೆಸಿಕೊಂಡು ಹಾಕಿದಳು. ನಮ್ಮ ಸಭೆಯ ಹಿರಿಯಜ್ಜಿ ಕಸ್ತೂರೆವ್ವಳಿಗೆ ಸಹಿ ಬರುತ್ತದೆ, ಓದಲು ಬರುವುದಿಲ್ಲ, ಅವಳೂ ಹಾಕಿದಳು. ಕೊನೆಗೆ ಕಾಗದ ನನ್ನ ಕೈಗೆ ಬಂತು. ಓದಿದೆ ಅಂದುಕೊಂಡಿರಾ? ಒಂದು ಕಡೆ ಒತ್ತಕ್ಷರ ತಪ್ಪಿತ್ತು, ತಿದ್ದಿದೆ. ಇನ್ನೊಂದು ಕಡೆ ದೀರ್ಘ ಬಿಟ್ಟಿದ್ದ, ಹಾಕಿದೆ. 'ವಿದ್ಯಾವತಿ' ಎಂದು ಮುತ್ತಿನಂತೆ ಬರೆದೆ. ಅಕ್ಷರ ನೋಡಿದೆನೇ ಹೊರತು ಅಕ್ಷರ ಏನು ಹೇಳುತ್ತದೆ ಎಂದು ನೋಡಲಿಲ್ಲ. ಇಂಥ ಮಕ್ಕಳಿಗೆ ನಾನು ಮೂವತ್ತನಾಲ್ಕು ವರ್ಷ ಸೊನ್ನೆ ಕೊಟ್ಟಿದ್ದೇನೆ.

ಖಾತುನಬಿ ಬಾಯಿ ತೊಳೆದುಕೊಂಡು ಹೊರಗೆ ಬರುವಷ್ಟರಲ್ಲಿ ಮೋಟರ್ ಸೈಕಲ್ ಮುಂದಿನ ಊರಿನ ದಾರಿ ಹಿಡಿದಿತ್ತು. "ಎಲ್ಲಾ ನಾವss ಬರಸೇವಿ, ಕಾಳಜಿ ಬ್ಯಾಡ," ಎಂದರು ಪರಮಾನಂದರು. ಅವಳು ಎರಡೂ ಕೈ ಜೋಡಿಸಿದಳು.

ಹದಿನೈದು ದಿನಕ್ಕೆ ಪಂಚಾಯತಿಯ ಗೋಡೆಗೆ ಮನೆ ಮಂಜೂರಾದವರ ಯಾದಿ ಹಚ್ಚಿದರು. ಅದರಲ್ಲಿ ಖಾತುನಬಿಯ ಹೆಸರಿಲ್ಲ. ದನದ ಕೊಟ್ಟಿಗೆ ಬಿದ್ದವರ ಹೆಸರಿದೆ, ಬೀಳದವರ ಹೆಸರೂ ಒಂದೆರಡು ಇವೆ. ಅವಳು ಮೇಲಿನಿಂದ ಕೆಳಗೆ ಬೆರಳಿಟ್ಟು ಮೂರು ಸಲ ಹುಡುಕಿ, ಹಾಲಿಗೆ ಬಂದು ಗೋಡೆಗೆ ಆತು ಕೂತಳು. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

ನಾನು ಕಲ್ಮೇಶನನ್ನು ಪಂಚಾಯತಿಯಲ್ಲೇ ಹಿಡಿದೆ. ಅವನು ನನ್ನ ಹಳೆಯ ವಿದ್ಯಾರ್ಥಿಯ ಮಗ, ಎದ್ದು ನಿಂತೇ ಮಾತಾಡಿದ. ಫೈಲು ತೆಗೆದು ತೋರಿಸಿದ: 'ಸದರಿ ಮಹಿಳೆಗೆ ಕೃಪಾ ದೇವಾಲಯದಲ್ಲಿ ಕಾಯಂ ವಾಸ್ತವ್ಯ ಹಾಗೂ ಊಟೋಪಚಾರದ ವ್ಯವಸ್ಥೆ ಇದ್ದು, ಕುಸಿದ ಮನೆಯಲ್ಲಿ ವಾಸ ಇರುವುದಿಲ್ಲ.' ಕೆಳಗೆ ಐದು ಸಹಿ. ನಡುವೆ ಕೆಂಪು ಇಂಕಿನಲ್ಲಿ ನನ್ನ ತಿದ್ದುಪಡಿಗಳು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಈಗೇನು ಮಾಡೂದಪಾ?"

"ಸೋಮವಾರ ತಕರಾರು ಅರ್ಜಿಗೆ ಕಡೀ ದಿನ ಐತ್ರಿ, ಅಕ್ಕೋರ. ಅದೇ ಐದು ಮಂದಿ ಸೈ ಮಾಡಿ, ಆಕಿ ಸೈನೂ ಹಾಕಿಸಿ, ಚರ್ಚಿನವರು ಏನೇನೂ ಕೊಟ್ಟಿಲ್ಲ ಅಂತ ಬರ್ಕೊಡ್ರಿ. ಕೊಟ್ಟೇವಿ ಅಂತ ಒಂದು ಅಕ್ಷರ ಇದ್ರೂ ಸಾಹೇಬ್ರು ಅರ್ಜಿ ಹೊಳ್ಳಿ ಒಗೀತಾರ."

ಮತ್ತೆ ಸಭೆ. ಅದು ಶುಕ್ರವಾರ. ಇತ್ತ ವಿಜಯಪುರದಿಂದ ಫೋನು ಬಂದಿತ್ತು: ಆದರ್ಶ ಸಭೆಯ ಗೌರವ ನಮಗೇ, ಭಾನುವಾರ ದೊಡ್ಡ ಅಯ್ಯನವರು ಶಾಲು ಹಿಡಿದು ಬರುತ್ತಾರೆ.

"ಏನೂ ಕೊಟ್ಟಿಲ್ಲ ಅಂತ ಬರದ್ರ ಸುಳ್ಳು ಹೇಳಿದಂಗಾತಲ್ರಿ," ಎಂದರು ಪರಮಾನಂದರು. "ಸುಳ್ಳು ಪಾಪ."

"ಕಾಯಂ ವ್ಯವಸ್ಥಾ ಅಂತ ಬರಸಿದ್ದು?"

"ಅದು ಆರಾಧನ್ಯಾಗ ಸಾಕ್ಷಿ ಹೇಳಿದಂಗ, ಅಕ್ಕೋರ. ವಿಶ್ವಾಸದ ಮಾತು." ಜಟ್ಟಿ ಕೆಳಗೆ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬ ಜಾತಿ ಈ ಮನುಷ್ಯ.

"ಆಕಿ ಮನಿ ಹೋಗಾಕತ್ತೈತಿ, ನಿಮ್ಮ ಶಾಲು ಹಿಡಕೊಂಡು ಕುಂತೀರಲ್ಲ!" ಎಂದು ನಾನು ಮೇಜು ಗುದ್ದಿದೆ. ಕಸ್ತೂರೆವ್ವಳ ಕೈಯ ಚಹಾ ಚೆಲ್ಲಿತು.

ಆಮೇಲೆ ಎಲ್ಲರೂ ತಣ್ಣಗಾಗಿ, ಪ್ರಾರ್ಥಿಸಿ, ಒಂದು ದಾರಿ ಕಂಡುಹಿಡಿದೆವು. ಭಾನುವಾರ ಎಲ್ಲವನ್ನೂ ಕೊಟ್ಟಿದ್ದಕ್ಕೆ ಶಾಲು ತೆಗೆದುಕೊಳ್ಳುವುದು. ಸೋಮವಾರ ಏನನ್ನೂ ಕೊಟ್ಟಿಲ್ಲವೆಂದು ಬರೆದುಕೊಡುವುದು. ದೊಡ್ಡ ಅಯ್ಯನವರು ತಹಶೀಲ್ದಾರ ಕಚೇರಿಗೆ ಹೋಗುವುದಿಲ್ಲ, ತಹಶೀಲ್ದಾರರು ಚರ್ಚಿಗೆ ಬರುವುದಿಲ್ಲ. ಅನಿಲ "ದೇವರ ಚಿತ್ತ" ಎಂದ. ಮೇಜು ಗುದ್ದಿದ ನಾನೇನು ಮಾಡಿದೆ? ಶನಿವಾರ ಕೂತು ಎರಡೂ ಕಾಗದಗಳನ್ನು ಒಂದೇ ಪೆನ್ನಿನಲ್ಲಿ ಬರೆದೆ.

ಭಾನುವಾರ ಖಾತುನಬಿಯನ್ನು ಮುಂದಿನ ಸಾಲಿನಲ್ಲಿ ಕೂರಿಸಿದೆವು, ಜಯಮಾಲಾ ಕೊಟ್ಟ ಹೊಸ ಸೀರೆಯಲ್ಲಿ. ನಾನು ವರದಿ ಓದಿದೆ. 'ಸಂತ್ರಸ್ತರ ಕಣ್ಣೀರು ಒರೆಸಲಾಯಿತು' ಎಂಬ ಸಾಲು ಬಂದಾಗ ಜನ ಚಪ್ಪಾಳೆ ತಟ್ಟಿದರು. ಅವಳೂ ತಟ್ಟಿದಳು. ಪರಮಾನಂದರ ಹೆಗಲ ಮೇಲೆ ಶಾಲು ಬಿತ್ತು, ಅದನ್ನು ಅವರು ಊಟ ಮುಗಿಯುವ ತನಕ ತೆಗೆಯಲಿಲ್ಲ.

ಸೋಮವಾರ ಬೆಳಿಗ್ಗೆ ಹತ್ತಕ್ಕೆ ಐವರೂ ಹಾಲಿನಲ್ಲಿ ಸೇರಿದೆವು. ಎರಡನೆಯ ಕಾಗದಕ್ಕೆ ನಾವೆಲ್ಲ ಸಹಿ ಹಾಕಿದ್ದೆವು, ಹೊರಗೆ ಇಂಡಿಗೆ ಹೋಗಲು ಟಂಟಂ ಆಟೋ ನಿಂತಿತ್ತು. ಖಾತುನಬಿಯ ಮುಂದೆ ಪೆನ್ನು ಇಟ್ಟೆ. ಅವಳಿಗೆ ತನ್ನ ಹೆಸರು ಬರೆಯಲು ಬರುತ್ತದೆ.

"ಏನು ಬರದೀರಿ, ಅಕ್ಕೋರ? ಒಮ್ಮಿ ಓದ್ರಿ."

ನನಗೆ ಬರದ ಬುದ್ಧಿ ಅವಳಿಗೆ ಇತ್ತು. ಓದಿದೆ. "'ಕೃಪಾ ದೇವಾಲಯದವರು ನನಗೆ ಊಟ, ಹಾಸಿಗೆ, ವಸತಿ ಏನನ್ನೂ ನೀಡಿರುವುದಿಲ್ಲ...'"

ಅವಳು ಪೆನ್ನು ಕೆಳಗಿಟ್ಟಳು. "ಇದಕ್ಕ ನಾ ಸೈ ಮಾಡಂಗಿಲ್ರಿ."

"ಯಾಕ? ಸೈ ಮಾಡಿದ್ರಷ್ಟ ಮನಿ!" ಎಂದಳು ಜಯಮಾಲಾ.

"ಗೊತ್ತೈತವಾ. ಆದ್ರ ನಿಮ್ಮ ರೊಟ್ಟಿ ತಿಂದೇನಿ, ಹುಗ್ಗಿ ತಿಂದೇನಿ. ಈ ಚಾಪಿ ಮ್ಯಾಲೆ ಇಷ್ಟು ದಿನ ಮಕ್ಕೊಂಡೇನಿ. ಏನೂ ಕೊಟ್ಟಿಲ್ಲ ಅಂತ ಹೆಂಗ ಬರೀಲಿ? ಉಂಡ ಮನಿಗೆ ಎರಡು ಬಗ್ಯಾಕಿ ನಾ ಅಲ್ಲ."

ಪರಮಾನಂದರು ಎದ್ದು ಅವಳ ಮುಂದೆ ಬಂದರು. "ನಮಗೇನೂ ಬ್ಯಾಸರ ಇಲ್ಲ, ಖಾತುನಬಿ. ಬರೀ. ನಮ್ಮ ಪರವಾನಗಿ ಐತಿ."

"ನಿಮ್ಮ ಪರವಾನಗಿ ಐತ್ರಿ. ನನ್ನ ಹೊಟ್ಟೀದು ಇಲ್ಲ." "ಮನಿ ಹೋದ್ರ ಹೋಗ್ಲಿ. ನಾಳೆ ಮುದ್ದೇಬಿಹಾಳಕ್ಕ ಹೋಗ್ತೇನಿ. ಅಳಿಯನ ಮನ್ಯಾಗ ಮೂಲಿ ಹಿಡೀತೇನಿ. ಮತ್ತೇನು ಮಾಡ್ಲಿ?"

ಈ ಹೆಂಗಸು ಅಳಿಯನ ಮನೆಗೆ ಹಬ್ಬಕ್ಕೂ ಹೋಗಿ ಎರಡು ದಿನ ನಿಂತವಳಲ್ಲ. ನಮ್ಮ ಹತ್ತು ರೊಟ್ಟಿಗಾಗಿ ತನ್ನ ಮನೆ ಬಿಡಲು ತಯಾರಾಗಿ ಕೂತಿದ್ದಳು. ನಾವು ಒಂದು ಶಾಲಿಗಾಗಿ ಶುಕ್ರವಾರದಿಂದ ಸೋಮವಾರದ ತನಕ ಎರಡು ನಾಲಿಗೆ ಇಟ್ಟುಕೊಂಡು ತಿರುಗಿದವರು. ನನಗೆ ನನ್ನ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆ ಕಾಗದವನ್ನು ಹರಿದು ಹಾಕಿದೆ.

"ಅಕ್ಕೋರ, ಟಂಟಂ ನಿಂತೈತಿ!" ಎಂದು ಪರಮಾನಂದರು ಕೂಗಿದರು.

"ನಿಂತಿರ್ಲಿ. ಬಾಯಿ ಮುಚ್ಚಿ ಕುಂಡ್ರಿ."

ಹೊಸ ಹಾಳೆ ತೆಗೆದು, ಬರೆಯುತ್ತ ಬರೆಯುತ್ತ ಗಟ್ಟಿಯಾಗಿ ಓದಿದೆ. 'ಖಾತುನಬಿಯವರು ಮನೆ ಬಿದ್ದ ದಿನದ ತನಕ ಅದೇ ಮನೆಯಲ್ಲಿ ವಾಸವಾಗಿದ್ದರು. ನಾವು ಅವರಿಗೆ ಒಂದು ಚಾಪೆ ಮತ್ತು ಊಟ ಕೊಟ್ಟೆವು. ಒಂದು ರಾತ್ರಿ ಅದನ್ನೂ ಮರೆತೆವು. ಕಾಯಂ ವ್ಯವಸ್ಥೆ ಎಂದು ನಾವು ಬರೆಸಿದ್ದು ಸುಳ್ಳು. ನಮ್ಮ ಸಭೆಗೆ ಹೆಸರು ಬರಲೆಂದು ಬರೆಸಿದೆವು. ತಲಾಟಿಯವರು ಬಂದಾಗ ಅವರನ್ನು ಕರೆಯುತ್ತೇವೆ ಎಂದು ಮಾತು ಕೊಟ್ಟು ಕರೆಯಲಿಲ್ಲ. ತಪ್ಪು ನಮ್ಮದು.'

ಜಯಮಾಲಾ ಸೆರಗು ಬಾಯಿಗಿಟ್ಟುಕೊಂಡು ಬಿಕ್ಕಿದಳು. "ಎಬ್ಬಸಬ್ಯಾಡ ಅಂದಾಕಿ ನಾನss. ನನ್ನ ಹುಗ್ಗಿ ಆರತೈತಿ ಅಂತ..." ಎಂದು ಅವಳು ಮೊದಲು ಸಹಿ ಹಾಕಿದಳು. ಕಸ್ತೂರೆವ್ವ "ಇನ್ನೊಮ್ಮೆ ಓದವಾ" ಎಂದು ಕೇಳಿಸಿಕೊಂಡು ಹಾಕಿದಳು. ಅನಿಲ ಬಾಯಿ ತೆರೆದ, ನನ್ನ ಮುಖ ನೋಡಿ ಸುಮ್ಮನೆ ಹಾಕಿದ. ಪರಮಾನಂದರು ಪೆನ್ನು ಹಿಡಿದರು. 'ಸುಳ್ಳು' ಎಂಬುದರ ಬದಲು 'ಕಣ್ತಪ್ಪು' ಎನ್ನಬಾರದೇ ಎಂದು ಕೇಳಿದರು. ನಾನು ಸಹಿಯ ಜಾಗಕ್ಕೆ ಬೆರಳಿಟ್ಟು ತೋರಿಸಿದೆ. ಕೊನೆಗೆ ಹುದ್ದೆ ಬರೆಯದೆ ಬರೀ ಹೆಸರು ಬರೆದರು.

ಖಾತುನಬಿಗೆ ಸಂಕಟ. "ಅಷ್ಟು ಕೆಟ್ಟದಾಗಿ ಬರಕೋಬ್ಯಾಡ್ರಿ, ಅಕ್ಕೋರ. ರೊಟ್ಟಿ ಚಲೋ ಇದ್ದೂವು ಅಂತನೂ ಹಾಕ್ರಿ." ಹಾಕಿದೆ. ಆಗ ಸಹಿ ಮಾಡಿದಳು.

ಇಂಡಿಯ ಕಚೇರಿಯಲ್ಲಿ ಸಾಹೇಬರು ಅರ್ಜಿಯನ್ನು ಓದಿ, ನಮ್ಮ ಐವರ ಮುಖವನ್ನು ಒಂದೊಂದಾಗಿ ನೋಡಿದರು. ಸುಳ್ಳು ಪಂಚನಾಮೆಗೆ ಏನು ಶಿಕ್ಷೆ ಗೊತ್ತೇ ಎಂದು ಬೈದರು. ಬೈಸಿಕೊಂಡೆವು. ಪರಮಾನಂದರು ಬೆವರಿ ನೀರಾದರು. ಅರ್ಜಿಯ ಗತಿ ಏನಾಯಿತೋ ಎಂದು ಎರಡು ವಾರ ಒಬ್ಬರೂ ಸರಿಯಾಗಿ ಉಣ್ಣಲಿಲ್ಲ. ಮಸೀದಿಯ ಮುಂದೆ, ಮಠದ ಕಟ್ಟೆಯ ಮೇಲೆ ನಮ್ಮದೇ ಮಾತು. ಚರ್ಚಿನವರು ತಾವು ಸುಳ್ಳರೆಂದು ತಾವೇ ಬರೆದುಕೊಟ್ಟರಂತೆ ಎಂದು ಊರು ಬಿದ್ದು ಬಿದ್ದು ನಕ್ಕಿತು. ವಿಜಯಪುರಕ್ಕೂ ಸುದ್ದಿ ಮುಟ್ಟಿತು, ಅಲ್ಲಿಂದ ಫೋನು ಬರುವುದು ನಿಂತಿತು.

ಕೊನೆಗೆ ಸಾಹೇಬರು ಮರುಪಂಚನಾಮೆಗೆ ಆದೇಶ ಕೊಟ್ಟರು. ಕಲ್ಮೇಶ ಬಂದಾಗ ಖಾತುನಬಿ ತನ್ನ ಬಾಗಿಲ ಚೌಕಟ್ಟಿನ ಒಳಗೆ, ಬಿದ್ದ ಕಲ್ಲಿನ ಮೇಲೆ ಕೂತಿದ್ದಳು. ಅವನು ಅಳೆದ, ಬರೆದ, ಎದ್ದು ಸುತ್ತ ನೆರೆದವರನ್ನು ನೋಡಿದ. ಊರೇ ಕೂಡಿತ್ತು. ನಾವು ಐವರು ಹಿಂದೆ, ಬೇವಿನ ಗಿಡದ ಕೆಳಗೆ, ನೆಲ ನೋಡುತ್ತ ನಿಂತಿದ್ದೆವು.

"ಪಂಚರು ಯಾರು ಆಗ್ತೀರಿ? ಐದು ಮಂದಿ ಬೇಕು," ಎಂದ. ನಮ್ಮ ಕಡೆ ಕಣ್ಣು ಹಾಯಿಸಿ ನಕ್ಕ. "ಚರ್ಚಿನವರು ಬ್ಯಾಡ್ರೆಪಾ. ಬ್ಯಾರೆ ಯಾರರೆ ಬರ್ರಿ."

ಜನ ಗೊಳ್ಳೆಂದರು. ನಾಲ್ಕಾರು ಗಂಡಸರು ಮುಂದೆ ಬಂದರು.

"ತಡೀರಿ," ಎಂದಳು ಖಾತುನಬಿ, ಕೂತಲ್ಲಿಂದಲೇ. "ಅವರss ಆಗ್ಲಿ. ಸುಳ್ಳು ಹೇಳೇವಿ ಅಂತ ಕಾಗದದ ಮ್ಯಾಲೆ ಒಪ್ಪಗೊಂಡಾವ್ರು ಈ ಊರಾಗ ಆ ಐದss ಮಂದಿ ಅದಾರ."

ನಗು ನಿಂತಿತು. ಮುಂದೆ ಬಂದಿದ್ದ ಗಂಡಸರು ಹಿಂದೆ ಸರಿದರು. ಕಲ್ಮೇಶ ಗಿಡದ ಕೆಳಗೆ ಬಂದು ಪೆನ್ನನ್ನು ನನ್ನ ಕಡೆಗೆ ಚಾಚಿದ.